ಒಂಬತ್ತನೇ ಪ್ರಯೋಗದ ಕೋಷ್ಟಕ

ಫೆಬ್ರವರಿ 13, ಗುರುವಾರ

ನಮ್ಮೂರಿನ ಕುಂಭಮೇಳ ಮುಗಿಯಿತು. ಅಂತೂ ಇವತ್ತು ನಂಜನಗೂಡು ಬಸ್ಸಿನಲ್ಲಿ ಸೀಟು. ಅದೂ ಕಿಟಕಿ ಪಕ್ಕ. ನರಸೀಪುರದಲ್ಲಿ ಮನೆ, ನಂಜನಗೂಡಿನ ಸ್ಫಟಿಕ ಪಾಲಿಟೆಕ್ನಿಕ್ಕಿನಲ್ಲಿ ಕೆಲಸ. ಇಪ್ಪತ್ತೆರಡು ವರ್ಷದಿಂದ ಇದೇ ರಸ್ತೆ, ಇದೇ ಟಿಫನ್ ಡಬ್ಬಿ.

ನಮ್ಮ ಎಲೆಕ್ಟ್ರಾನಿಕ್ಸ್ ವಿಭಾಗದ ಮುಖ್ಯಸ್ಥ ಬಸವೇಶ್ ಬೆಳಿಗ್ಗೆಯೇ ಲ್ಯಾಬಿಗೆ ಬಂದ. ಎಚ್‌ಒಡಿ ಆಗಿ ನಾಲ್ಕು ವರ್ಷವಾದರೂ ನನ್ನೆದುರು ನಿಂತರೆ ಕೈ ತಾನಾಗಿ ಹಿಂದಕ್ಕೆ ಹೋಗುತ್ತದೆ — ನನ್ನ ಲ್ಯಾಬಿನಲ್ಲೇ ಡಿಪ್ಲೊಮಾ ಮಾಡಿದ ಹುಡುಗ. ನಾನು ಬರೆದ ಲ್ಯಾಬ್ ಮ್ಯಾನುಯಲ್ಲನ್ನು ಆಡಳಿತ ಮಂಡಳಿ ಪುಸ್ತಕ ಮಾಡಿಸುತ್ತದಂತೆ. ಮೈಸೂರಿನ ಪ್ರೆಸ್. ಬಣ್ಣದ ರಕ್ಷಾಪುಟ. ಅದರ ಮೇಲೆ ನನ್ನ ಹೆಸರು, ದಪ್ಪಕ್ಷರದಲ್ಲಿ — ಇಂದ್ರಾಣಿ, ಲ್ಯಾಬ್ ಇನ್‌ಸ್ಟ್ರಕ್ಟರ್.

ಲೆಕ್ಚರರ್‌ಗಳ ಹೆಸರೇ ಪುಸ್ತಕದ ಮೇಲೆ ಬಂದಿಲ್ಲ. ಸರಿ ಕಣಪ್ಪ, ನೋಡೋಣ ಎಂದೆ, ಬಹಳ ಗಂಭೀರವಾಗಿ. ಅವನು ಅತ್ತ ಹೋದ ಮೇಲೆ ಬಾಗಿಲು ಮುಂದೆ ಮಾಡಿ ಒಬ್ಬಳೇ ನಕ್ಕೆ.

ಸಂಜೆ ನಮ್ಮವರಿಗೆ ಹೇಳಿದೆ. ರಿಟೈರ್ಡ್ ಕಂಡಕ್ಟರ್, ಯಾವುದಕ್ಕೂ ಬೇಗ ಬೆರಗಾಗುವ ಜೀವವಲ್ಲ. ಫೋಟೋನೂ ಹಾಕುತ್ತಾರಾ ಎಂದು ಕೇಳಿದರು. ಥೂ, ಸುಮ್ಮನಿರಿ ಎಂದು ಗದರಿದೆ. ಆಮೇಲೆ ಕನ್ನಡಿ ಮುಂದೆ ನಿಂತು ಯಾವ ಸೀರೆ ಎಂದು ಯೋಚಿಸಿದ್ದೂ ನಾನೇ.

ಫೆಬ್ರವರಿ 18, ಮಂಗಳವಾರ

ನಾಲ್ಕನೇ ಸೆಮಿಸ್ಟರ್, ಒಂಬತ್ತನೇ ಪ್ರಯೋಗ. ಹನ್ನೆರಡರಲ್ಲಿ ನನಗೆ ಬಲು ಇಷ್ಟದ್ದು. ಸಣ್ಣ ಬೋರ್ಡು, ಅದರ ಮೇಲೊಂದು ಐಸಿ ಚಿಪ್ಪು, ಎಂಟು ಸ್ವಿಚ್ಚು. ಸ್ವಿಚ್ಚು ಹಾಕಿದಂತೆ ಸರ್ಕ್ಯೂಟು ಕರೆಂಟಿಗೆ ಒಡ್ಡುವ ತಡೆ ಹೆಚ್ಚುಕಡಿಮೆಯಾಗುತ್ತದೆ. ಆ ತಡೆಗೇ ಇಂಪಿಡೆನ್ಸ್ ಎನ್ನುವುದು. ತಿರುಪಿಲ್ಲ, ಗುಂಡಿ ಇಲ್ಲ, ಬರೀ ಸೊನ್ನೆ-ಒಂದರಲ್ಲಿ ಕಂಟ್ರೋಲ್. ಮೇಜಿನ ಮೇಲಿನ ಸಿಗ್ನಲ್ ಜನರೇಟರ್ ಪೆಟ್ಟಿಗೆಯಿಂದ ಸಿಗ್ನಲ್ ಕೊಡಬೇಕು, ವೋಲ್ಟೇಜ್ ಅಳೆಯಬೇಕು, ಲೆಕ್ಕ ಹಾಕಿ ಎಷ್ಟು ಓಮ್ ಎಂದು ಬರೆಯಬೇಕು. 2006ರಲ್ಲಿ ಆ ಬೋರ್ಡಿಗೆ ಬೆಸುಗೆ ಹಾಕಿದ್ದು ನಾನೇ.

ಸಾವಿರ ಓಮಿಗೆ ಸ್ವಿಚ್ಚು ಇಟ್ಟರೆ ಬರುವುದು 625. ಮ್ಯಾನುಯಲ್ಲಿನ ಕೋಷ್ಟಕದಲ್ಲಿ ಹಾಗೇ ಇದೆ. ಕಡಿಮೆ ಬಂದದ್ದು ಚಿಪ್ಪಿನ ಟಾಲರೆನ್ಸ್‌ನಿಂದ, ಅಂದರೆ ತಯಾರಿಕೆಯಲ್ಲೇ ಉಳಿಯುವ ಹೆಚ್ಚುಕಡಿಮೆಯಿಂದ, ಎಂದು ಕೆಳಗೆ ಟಿಪ್ಪಣಿಯನ್ನೂ ಬರೆದಿದ್ದೇನೆ.

ಇಪ್ಪತ್ತೆಂಟು ರೆಕಾರ್ಡು ತಿದ್ದಿದೆ. 624, 626, 625, 627. ಇವರ ಆಟ ಗೊತ್ತಿಲ್ಲವೇ ನನಗೆ — ಸೀನಿಯರ್ ರೆಕಾರ್ಡಿನಿಂದ ಇಳಿಸುವುದು, ಕೊನೆಯ ಅಂಕಿ ಒಂದಿಷ್ಟು ಆಚೀಚೆ ಮಾಡುವುದು. ಎಲ್ಲ ಲ್ಯಾಬಲ್ಲೂ ಇದೇ ಪದ್ಧತಿ. ಕೋಷ್ಟಕಕ್ಕೆ ಹತ್ತಿರ ಇದ್ದರೆ ನಾನೂ ಟಿಕ್ ಹಾಕಿ ಮುಂದೆ ಹೋಗುತ್ತೇನೆ.

ಇಪ್ಪತ್ತೊಂಬತ್ತನೆಯದು ವನಿತಾಳದ್ದು. ಬಿಳಿಗೆರೆಯಿಂದ ಬರುವ ಹುಡುಗಿ, ಕೊನೆ ಬೆಂಚು, ಮಾತು ಕಡಿಮೆ. ಸಾವಿರಕ್ಕೆ 953 ಎಂದು ಬರೆದಿದ್ದಾಳೆ. ಕಾಪಿ ಮಾಡುವುದಕ್ಕೂ ಬರುವುದಿಲ್ಲವಲ್ಲ ಎನ್ನಿಸಿತು. ಕೆಂಪು ಪೆನ್ನಿನಲ್ಲಿ ಅಡ್ಡಗೆರೆ ಎಳೆದು 'ರಿಪೀಟ್' ಎಂದು ಬರೆದೆ.

ಫೆಬ್ರವರಿ 20, ಗುರುವಾರ

ರಿಪೀಟ್ ಮಾಡಿದಳು. ಮತ್ತೆ 953. ಆರುನೂರಕ್ಕೆ 572, ಇನ್ನೂರಕ್ಕೆ 191. ಮ್ಯಾನುಯಲ್ ನೋಡಮ್ಮ ಎಂದೆ. ನೋಡಿದೆ ಎಂದಳು. ನೋಡಿ? ಮತ್ತೆ ಮೀಟರಿನ ಕಡೆ ತಿರುಗಿದಳು. ತಪ್ಪೆಲ್ಲಿದೆ ಹುಡುಕು, ಇಲ್ಲದಿದ್ದರೆ ಸರಿಯಾದದ್ದನ್ನು ಬರೆದು ತಾ ಎಂದು ರೇಗಿದೆ. ಆಗ ಮೆಲ್ಲಗೆ ಅಂದಳು:

"ಮೀಟ್ರು ತೋರ್ಸಿದ್ದ ಬರ್ದಿವ್ನಿ ಮೇಡಂ. ಅದು ತೋರ್ಸ್ದೆ ಇರೋದ ಎಂಗ್ ಬರೀಲಿ?"

ಇಡೀ ಬ್ಯಾಚು ತಲೆ ತಗ್ಗಿಸಿತು. ನನಗೆ ಮೈಯೆಲ್ಲ ಉರಿಯಿತು. ಮಾರ್ಚ್ 15ರೊಳಗೆ ರೆಕಾರ್ಡಿಗೆ ನನ್ನ ಸಹಿ ಬೀಳಬೇಕು, ಬೀಳದಿದ್ದರೆ ಪ್ರಾಕ್ಟಿಕಲ್ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಎಲ್ಲರೆದುರೇ ಹೇಳಿದೆ. ಜೋರಾಗಿಯೇ ಹೇಳಿದೆ. ಬಸ್ಸಿನಲ್ಲಿ ಬರುವಾಗ ಅಷ್ಟು ಜೋರು ಬೇಕಿರಲಿಲ್ಲ ಎನ್ನಿಸಿತು… ಆದರೂ, ಏನು ಧಿಮಾಕು!

ಫೆಬ್ರವರಿ 25, ಮಂಗಳವಾರ

ವನಿತಾಳ ತಾಯಿ ಮರಿತಾಯಮ್ಮ ಬಂದಿದ್ದರು. ಕೂಲಿಗೆ ಹೋಗುವವರು, ಅರ್ಧ ದಿನದ ಕೆಲಸ ಬಿಟ್ಟು ಬಂದಿದ್ದಾರೆ. ಮಡಿಲಲ್ಲಿ ಎರಡು ಕಟ್ಟು ದಂಟಿನ ಸೊಪ್ಪು, ನನಗೆಂದು. ಬೇಡ ಎಂದರೂ ಮೇಜಿನ ಮೇಲೆ, ಆಸಿಲೋಸ್ಕೋಪಿನ ಪಕ್ಕ ಇಟ್ಟರು. ಮಗಳು ಎದುರು ಮಾತಾಡಿದಳಂತೆ, ಮಾಫಿ ಮಾಡಿ ಎನ್ನುತ್ತಾರೇನೋ ಎಂದುಕೊಂಡೆ. ಅವರು ಹೇಳಿದ್ದೇ ಬೇರೆ.

"ಅವ್ಳು ಸುಳ್ಳೇಳಕಿಲ್ಲ ಕಣವ್ವ. ಅದ್ರಿಂದ ನಮ್ಗೂ ಬೋ ತೊಂದ್ರೆ ಆಗದೆ."

ರೇಷನ್ ಸೊಸೈಟಿಯಲ್ಲಿ, ನೆಂಟರ ಮನೆಯಲ್ಲಿ, ಊರಿನಲ್ಲಿ ಈ ಹುಡುಗಿ ಇದ್ದದ್ದು ಇದ್ದ ಹಾಗೆ ಹೇಳಿ ತಂದಿಟ್ಟ ಪಜೀತಿಗಳನ್ನು ಒಂದೊಂದಾಗಿ ಬಿಡಿಸಿದರು. ನಗು ತಡೆಯಲಾಗಲಿಲ್ಲ. ಅವರೂ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಹೋಗುವಾಗ ಮಾತ್ರ, ಪರೀಕ್ಷೆಗೆ ಒಂದು ಬುಡ್ರವ್ವ ಎಂದು ಕೈ ಮುಗಿದರು. ಅದು ಚುಚ್ಚಿತು.

4.10 — ಎಲ್ಲರೂ ಹೋದ ಮೇಲೆ ಬೋರ್ಡು ಇಳಿಸಿ ನಾನೇ ಮಾಡಿದೆ. ಸುಮ್ಮನೆ, ಅವಳ ತಪ್ಪು ಹಿಡಿಯೋಣವೆಂದು.

951.

ಮೀಟರ್ ಬದಲಿಸಿದೆ. 952.

ಫೆಬ್ರವರಿ 27, ಗುರುವಾರ

ನಿನ್ನೆ ಶಿವರಾತ್ರಿ. ಉಪವಾಸ, ಜಾಗರಣೆ ಎರಡೂ ಆಯಿತು. ತಲೆಯಲ್ಲಿ ಮಾತ್ರ 951 ಬಿಟ್ಟು ಬೇರೇನೂ ಇರಲಿಲ್ಲ.

ಮೊದಲು ಬೋರ್ಡು ಕೆಟ್ಟಿದೆ ಎಂದುಕೊಂಡೆ. ಹಳೇ ಬೋರ್ಡು ಕೆಟ್ಟರೆ ಹೆಚ್ಚು ಸರಿಯಾದ ಉತ್ತರ ಕೊಡುತ್ತದೆಯೇ? ಸಾವಿರಕ್ಕೆ ಸಾವಿರದ ಹತ್ತಿರ ಬರುವುದು ಕೆಟ್ಟಿದ್ದಾ? ನನ್ನ ಬುದ್ಧಿಗಿಷ್ಟು!

ಇನ್ನೂ ಒಂದು ಮಾತು, ಇಲ್ಲಿ ಬರೆಯಲು ಯಾರ ಭಯ — ಈ ಪ್ರಯೋಗವನ್ನು ನಾನು ಕೈಯಾರೆ ಮಾಡಿ ಆರು ವರ್ಷದ ಮೇಲಾಯಿತು. ಕೋಷ್ಟಕ ಇತ್ತಲ್ಲ. ಟಿಕ್ ಹಾಕುತ್ತಿದ್ದೆ.

ಫೆಬ್ರವರಿ 28, ಶುಕ್ರವಾರ

ಬಸ್ಸಿನಲ್ಲಿ ಮೊಬೈಲ್ ಕ್ಯಾಲ್ಕ್ಯುಲೇಟರ್ ತೆಗೆದೆ. ನನ್ನ ಕೋಷ್ಟಕ: ಸಾವಿರಕ್ಕೆ 625. ಆರುನೂರಕ್ಕೆ 375. ಇನ್ನೂರಕ್ಕೆ 125. ಬಂದದ್ದನ್ನು ಇಟ್ಟದ್ದರಿಂದ ಭಾಗಿಸಿದರೆ ಎಲ್ಲಕ್ಕೂ ಒಂದೇ ಉತ್ತರ, 0.625. ವನಿತಾಳದ್ದು ಭಾಗಿಸಿದೆ. ಎಲ್ಲಕ್ಕೂ 0.95 ಆಸುಪಾಸು.

ಚಿಪ್ಪಿನ ದೋಷವಾಗಿದ್ದರೆ ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಬರಬೇಕಿತ್ತು. ಹೀಗೆ ಪ್ರತಿ ಸಾಲಿನಲ್ಲೂ ಅದೇ ಪಾಲು ಕಡಿತವಾಗಬೇಕಾದರೆ ಲೆಕ್ಕಕ್ಕೆ ಸಿಗದ ಇನ್ನೊಂದು ತಡೆ ದಾರಿಯಲ್ಲಿ ಕೂತಿರಬೇಕು. ಬೋರ್ಡಿನ ಒಳಗಲ್ಲ. ಬೋರ್ಡಿಗೆ ಮುಂಚೆ. ಸಿಗ್ನಲ್ ಬರುವ ಕಡೆ…

ಜನರೇಟರ್!

ತಲೆಯೆತ್ತಿದಾಗ ಬಸ್ಸು ಕಾಲೇಜು ದಾಟಿ ನಂಜನಗೂಡು ಸ್ಟ್ಯಾಂಡಿನಲ್ಲಿ ನಿಂತಿತ್ತು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ. ಆಟೋ ಹಿಡಿದು ವಾಪಸ್ ಬಂದೆ. ಬಂದರೆ ಸ್ಟೋರ್ ರೂಮಿನ ಬೀಗದಕೈ ಅಟೆಂಡರ್ ಮಾದು ಬಳಿ, ಮಾದು ರಜೆ. ಬನ್ನೂರಿನಲ್ಲಿ ನಾಮಕರಣವಂತೆ, ಸೋಮವಾರವೂ ಬರುವುದಿಲ್ಲವಂತೆ. ಇವನಿಗೆ ಇವತ್ತೇ ಆಗಬೇಕಿತ್ತೇ!

ಮಾರ್ಚ್ 4, ಮಂಗಳವಾರ

ಅವಸರದಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗೆ ಬರುತ್ತಿದೆ, ಬರಲಿ.

ಮಾದು ಬೀಗ ತೆಗೆದ. ಮುರಿದ ಸ್ಟೂಲುಗಳ ಹಿಂದೆ ಹಳೇ ಜನರೇಟರ್‌ಗಳು, ಧೂಳು ಹೊದ್ದುಕೊಂಡು. 2019ರಲ್ಲಿ ಹೊಸವು ಬಂದಾಗ ಇಲ್ಲಿಗೆ ಹಾಕಿಸಿದವಳು ನಾನೇ. ಸೆರಗಿನಲ್ಲಿ ಮುಂಭಾಗ ಒರೆಸಿದೆ. ಔಟ್‌ಪುಟ್ ಸಾಕೆಟ್ಟಿನ ಕೆಳಗೆ ಬರೆದಿದೆ: 600 ಓಮ್. ಓಡಿ ಬಂದು ಹೊಸದನ್ನು ನೋಡಿದೆ: 50 ಓಮ್. ದಿನಾ ಎದುರಿಗೇ ಇದ್ದದ್ದು.

ಸಿಗ್ನಲ್ ಕೊಡುವ ಯಂತ್ರದ ಹೊಟ್ಟೆಯಲ್ಲೂ ಒಂದು ತಡೆ ಇರುತ್ತದೆ. ಸೋರ್ಸ್ ರೆಸಿಸ್ಟೆನ್ಸ್. ಮೊದಲ ಸೆಮಿಸ್ಟರಿನ ಪಾಠ. ನಮ್ಮ ಬೋರ್ಡಿನ ಮುಂದೆ ಒಂದು ಸಾವಿರ ಓಮಿನ ರೆಸಿಸ್ಟರ್ ಇದೆ, ಲೆಕ್ಕದಲ್ಲಿ ಅದನ್ನು ಹಿಡಿದಿದ್ದೆ. ಅದರ ಹಿಂದೆ ಜನರೇಟರಿನೊಳಗೆ ಅವಿತಿದ್ದ ಆರುನೂರನ್ನು ಬಿಟ್ಟಿದ್ದೆ. ಸಾವಿರವನ್ನು ಸಾವಿರದ ಆರುನೂರರಿಂದ ಭಾಗಿಸಿದರೆ? 0.625. ಸಾವಿರದ ಐವತ್ತರಿಂದ ಭಾಗಿಸಿದರೆ? 0.952. ಬೋರ್ಡು ಪಾಪ ಮೊದಲಿಂದಲೂ ಸರಿಯಾಗಿಯೇ ಇತ್ತು. ಚಿಪ್ಪಿನ ಮೇಲೆ ತಪ್ಪು ಹೊರಿಸಿದ ಆ ಟಿಪ್ಪಣಿ ನನ್ನದು.

ಲೆಕ್ಕ ಸರಿಹೋದರೆ ಸಾಲದು, ಕಣ್ಣಲ್ಲಿ ನೋಡಬೇಕು. ಹೊಸ ಜನರೇಟರಿಗೆ 470 ಓಮಿನದೊಂದು, 82 ಓಮಿನದೊಂದು ರೆಸಿಸ್ಟರ್ ಸಾಲಾಗಿ ಕಟ್ಟಿದೆ. ಒಳಗಿನ ಐವತ್ತೂ ಸೇರಿ 602. ಅಂದರೆ ಹೊಸದಕ್ಕೆ ಹಳೆಯದರ ವೇಷ. ಸ್ವಿಚ್ಚು ಸಾವಿರಕ್ಕೆ ಇಟ್ಟೆ. ಅಳೆದೆ. ಲೆಕ್ಕ ಹಾಕಿದೆ.

624!

ಕೂಗಿಬಿಟ್ಟೆನಂತೆ. ಮಾದು ಪೊರಕೆ ಹಿಡಿದೇ ಓಡಿ ಬಂದು, ಶಾಕ್ ಹೊಡೀತಾ ಮೇಡಂ ಎಂದು ಕೇಳಿದ. ಹೌದು ಮಾದು, ಹತ್ತೊಂಬತ್ತು ವರ್ಷದ ಹಿಂದೆ ಹೊಡೆದದ್ದು ಈಗ ಗೊತ್ತಾಯಿತು ಎಂದೆ. ಅವನಿಗೆ ಏನೂ ಅರ್ಥವಾಗಲಿಲ್ಲ, ನಾನು ನಗುವುದು ನೋಡಿ ಅವನೂ ನಕ್ಕ.

ತಪ್ಪು ನನ್ನದು ಎಂದು ಗೊತ್ತಾದ ದಿನ ಇಷ್ಟು ಖುಷಿಯಾಗಬಾರದು. ಆಗಿದೆ, ಏನು ಮಾಡಲಿ? ಹಬ್ಬದ ಹಾಗಿದೆ ಮನಸ್ಸು.

ಮಾರ್ಚ್ 5, ಬುಧವಾರ

ವನಿತಾಳನ್ನು ಕರೆದೆ. ಹೆದರಿಕೊಂಡೇ ಬಂದಳು. 624 ತೋರಿಸಿ, ಎರಡು ರೆಸಿಸ್ಟರ್ ಕಿತ್ತು 952 ತೋರಿಸಿ, ಯಾಕೆ ಹೀಗೆ ಹೇಳು ಎಂದೆ. ಹುಬ್ಬು ಗಂಟು ಹಾಕಿಕೊಂಡು ನಿಂತಳು, ಐದು ನಿಮಿಷ. ಜನರೇಟರಿನ ಮುಂಭಾಗ ನೋಡಿದಳು, ಬೋರ್ಡು ನೋಡಿದಳು, ಆಮೇಲೆ ಆ '50 ಓಮ್' ಮೇಲೆ ಬೆರಳಿಟ್ಟಳು. ನನಗೆ ಒಂದು ವಾರ ಹಿಡಿದಿತ್ತು.

ನಾನು ಹೇಳಬೇಕಾದದ್ದನ್ನು ಹೇಳಿದೆ. "ತಪ್ಪು ನಂದು ಕಣಮ್ಮ. ನೀನು ಬರ್ದಿದ್ದೇ ಸರಿ."

ಅವಳು ಹಿಗ್ಗಲಿಲ್ಲ. ಇನ್ನೂ ಯೋಚಿಸುತ್ತಲೇ ಇದ್ದಳು. ಹಾಗಾದರೆ ತನ್ನದೂ ಸರಿಯಲ್ಲ, ಐವತ್ತು ಓಮು ತಾನೂ ಬಿಟ್ಟಿದ್ದೇನೆ ಎಂದಳು! ಕೂತು ಸೇರಿಸಿ ಲೆಕ್ಕ ಮಾಡಿದಳು. 1001 ಬಂತು. ಆಗ ನಕ್ಕಳು ನೋಡು, ಎರಡು ವರ್ಷದಲ್ಲಿ ಆ ಹುಡುಗಿಯ ಹಲ್ಲು ಕಂಡದ್ದು ಇದೇ ಮೊದಲು.

ನನ್ನ ಕೆಂಪು ಅಡ್ಡಗೆರೆಯ ಪಕ್ಕದಲ್ಲೇ ಸಹಿ ಹಾಕಿದೆ. ಗೆರೆ ಅಳಿಸಲಿಲ್ಲ, ಇರಲಿ.

ಮಾರ್ಚ್ 6, ಗುರುವಾರ

ಮ್ಯಾನುಯಲ್ಲಿನ ಪ್ರೂಫ್ ಬಂತು. ರಕ್ಷಾಪುಟ ತಿಳಿ ನೀಲಿ. ನನ್ನ ಹೆಸರು, ದಪ್ಪಕ್ಷರ. ಎಷ್ಟು ಚೆನ್ನಾಗಿ ಕಾಣುತ್ತದೆ ನನ್ನ ಹೆಸರು! 41ನೇ ಪುಟದಲ್ಲಿ ಒಂಬತ್ತನೇ ಪ್ರಯೋಗ. 625, 375, 125. ಕೆಳಗೆ ಚಿಪ್ಪಿನ ಟಿಪ್ಪಣಿ.

ಬಸವೇಶನಿಗೆ ಎಲ್ಲ ಹೇಳಿದೆ. ಮುಖ ಸಪ್ಪಗಾಯಿತು. ಆರು ವರ್ಷದಿಂದ ನಮ್ಮ ಹುಡುಗರು ಇಲ್ಲದ ಜನರೇಟರಿನ ರೀಡಿಂಗ್ ಬರೆಯುತ್ತಿದ್ದಾರೆ, ನಾವು ಅಂಕ ಕೊಡುತ್ತಿದ್ದೇವೆ ಎಂದು ಹೊರಗೆ ಗೊತ್ತಾಗುವುದು ಅವನಿಗೆ ಬೇಡ. ಬಾಗಿಲ ಕಡೆ ನೋಡಿ ತಗ್ಗಿದ ದನಿಯಲ್ಲಿ ಹೇಳಿದ:

"ಸುಮ್ನೆ ಇದ್ಬುಡಿ ಮೇಡಂ. ಈಗ ಮಂಡಳಿಗೆ ಹೇಳುದ್ರೆ ಪುಸ್ತಕನೇ ನಿಲ್ಲಿಸ್ತಾರೆ. ನಿಮ್ ಹೆಸರು ಬರಬೇಕು ಅಂತ ಎಷ್ಟು ಓಡಾಡಿದೀನಿ ಗೊತ್ತಾ?"

ಗೊತ್ತು. ಪ್ರೂಫ್ ಚೀಲದಲ್ಲಿಟ್ಟುಕೊಂಡು ಮನೆಗೆ ಬಂದೆ.

ಮಾರ್ಚ್ 10, ಸೋಮವಾರ

ಮೂರು ದಿನ ಏನೂ ಬರೆಯಲಿಲ್ಲ. ಬರೆದರೆ ಸುಮ್ಮನಿರುತ್ತೇನೆ ಎಂದೇ ಬರೆದುಬಿಡುತ್ತಿದ್ದೆನೇನೋ. ಹೆಸರಿನ ಆಸೆ ಇಲ್ಲ ಎಂದರೆ ಸುಳ್ಳು. ಆಸೆ ಇದೆ, ಕಂಠದವರೆಗೂ ಇದೆ.

ನಮ್ಮವರು ನಿನ್ನೆ ಪ್ರೂಫ್ ತಿರುವಿ ಹಾಕಿ, ಇದರಲ್ಲಿ ಉತ್ತರವೆಲ್ಲ ನೀನೇ ಬರೆದಿದ್ದೀಯಲ್ಲ, ಹುಡುಗರಿಗೇನು ಕೆಲಸ ಎಂದು ಕೇಳಿದರು. ಮೂವತ್ತು ವರ್ಷ ಟಿಕೆಟ್ ಹರಿದ ಮನುಷ್ಯ. ನಾನು ರೊಟ್ಟಿ ತಟ್ಟುತ್ತಿದ್ದವಳು ಹಾಗೇ ನಿಂತೆ, ರೊಟ್ಟಿ ಸೀದುಹೋಯಿತು.

ಒಂಬತ್ತರ ಕೋಷ್ಟಕ ತಿದ್ದಿ ಸರಿಯಾದ ಅಂಕಿ ಹಾಕಿದರೆ? ಮುಂದಿನ ವರ್ಷ ಎಲ್ಲರೂ ಆ ಅಂಕಿ ಇಳಿಸುತ್ತಾರೆ. ಇನ್ನೊಂದು ಹೊಸ ಜನರೇಟರ್ ಬರುತ್ತದೆ. ಮತ್ತೆ ಯಾವಳೋ ಟಿಕ್ ಹಾಕುತ್ತ ಕೂರುತ್ತಾಳೆ.

11.20 — ಬಸವೇಶನ ಕೋಣೆಗೆ ಹೋಗಿ ಹೇಳಿದೆ: ಹನ್ನೆರಡು ಪ್ರಯೋಗದ ಹನ್ನೆರಡು ಕೋಷ್ಟಕದಲ್ಲೂ ಅಂಕಿ ತೆಗೆಸುತ್ತೇನೆ. ಬರೀ ಗೆರೆ, ಖಾಲಿ ಮನೆ. ಒಂಬತ್ತರಲ್ಲಿ ಒಂದು ಹೊಸ ಸಾಲು: ನಿಮ್ಮ ಜನರೇಟರಿನ ಸೋರ್ಸ್ ರೆಸಿಸ್ಟೆನ್ಸ್ ಎಷ್ಟು? ಮಂಡಳಿಗೆ ಕಾರಣ ಹೇಳು, ಇದ್ದದ್ದು ಇದ್ದ ಹಾಗೆ. ಒಪ್ಪದಿದ್ದರೆ ನನ್ನ ಹೆಸರು ಹೊಡೆದುಹಾಕಲಿ.

ತಲೆ ಮೇಲೆ ಕೈ ಹೊತ್ತ. ಖಾಲಿ ಪುಸ್ತಕವನ್ನು ಯಾರು ಮೇಡಂ ಪ್ರಿಂಟ್ ಮಾಡಿಸುತ್ತಾರೆ ಎಂದ. ನೀನೇ ಬಂದು ಒಂದು ಸಲ ಮಾಡಿ ನೋಡು ಎಂದಷ್ಟೇ ಹೇಳಿದೆ.

ಮಾರ್ಚ್ 11, ಮಂಗಳವಾರ

ಬಂದ! ಶರ್ಟಿನ ತೋಳು ಮಡಚಿ ಕೂತ. ಸ್ವಲ್ಪ ಹೊತ್ತಿಗೆ ಒಂದು ಗುಟ್ಟು ಬಿಟ್ಟ — ತಾನು ಓದುವಾಗಲೂ ಈ ಪ್ರಯೋಗ ಮಾಡಿರಲಿಲ್ಲವಂತೆ. ಸೀನಿಯರ್ ರೆಕಾರ್ಡು. ನಾನು ಟಿಕ್ ಹಾಕಿ 'ಗುಡ್' ಎಂದು ಬರೆದಿದ್ದೆನಂತೆ! ಕಿವಿ ಹಿಂಡಬೇಕೆನ್ನಿಸಿತು, ಎಚ್‌ಒಡಿ ಎಂದು ಬಿಟ್ಟೆ.

ಸೋರ್ಸಿಗೆ ಬೇರೆ ಬೇರೆ ರೆಸಿಸ್ಟರ್ ಕಟ್ಟುತ್ತ ಹೋದ. ನೂರು, ಇನ್ನೂರ ಇಪ್ಪತ್ತು, ಒಂದು ಸಾವಿರ. ಪ್ರತಿ ಸಲ ಉತ್ತರ ಕುಸಿಯುತ್ತದೆ, ಸೂತ್ರದಲ್ಲಿ ಅದನ್ನು ಸೇರಿಸಿದರೆ ಮತ್ತೆ ಸಾವಿರಕ್ಕೇ ಬಂದು ನಿಲ್ಲುತ್ತದೆ. ಒಂದೂವರೆ ಗಂಟೆ. ಪ್ರಿನ್ಸಿಪಾಲರ ಫೋನು ಎರಡು ಸಲ ಬಂತು, ಎತ್ತಲಿಲ್ಲ. ಏಳುವಾಗ, ಮಂಡಳಿ ಹತ್ತಿರ ತಾನೇ ಮಾತಾಡುತ್ತೇನೆ ಎಂದ. ತಾನು ಕಾಪಿ ಮಾಡಿದ್ದನ್ನೂ ಹೇಳುತ್ತಾನಂತೆ. ಅದನ್ನು ಹೇಳಬೇಕಾಗಿಲ್ಲ ಕಣೋ ಎಂದೆ. ಹೇಳ್ತೀನಿ ಮೇಡಂ ಎಂದ.

ಮಾರ್ಚ್ 15, ಶನಿವಾರ

ಸಹಿಯ ಕೊನೇ ದಿನ. ವನಿತಾಳದ್ದು ಬಿಟ್ಟು ಎಲ್ಲರ ರೆಕಾರ್ಡಿನಲ್ಲೂ ಒಂಬತ್ತನೆಯದನ್ನು ಹೊಡೆದುಹಾಕಿಸಿದ್ದೆ. ಈ ವಾರವಿಡೀ ಮತ್ತೆ ಮಾಡಿದರು, ನಿಜವಾಗಿ. ಒಂದು ಬ್ಯಾಚಿಗೆ ಹೊಸ ಜನರೇಟರ್, ಒಂದಕ್ಕೆ ಸ್ಟೋರಿನ ಹಳೆಯದು, ಇನ್ನೊಂದಕ್ಕೆ ಸಿಗ್ನಲ್ ಕೊಡಲು ಮೊಬೈಲಿನ ಹೆಡ್‌ಫೋನ್ ಸಾಕೆಟ್. ಮೂರೂ ಬ್ಯಾಚಿಗೆ ಮೂರು ಥರದ ರೀಡಿಂಗ್, ಯಾರದನ್ನೂ ಯಾರೂ ಇಳಿಸುವ ಹಾಗಿಲ್ಲ!

ಏನು ಗಲಾಟೆ ಇವತ್ತು ಲ್ಯಾಬಿನಲ್ಲಿ. ಒಬ್ಬ ಮೀಟರಿನ ಫ್ಯೂಸ್ ಸುಟ್ಟ. ನಿಂದೆಷ್ಟು ಬಂತು, ನಂದ್ಯಾಕೆ ಕಮ್ಮಿ ಎಂದು ಬೆಂಚು ದಾಟಿ ಕೂಗಾಟ. ವನಿತಾಳ ಸುತ್ತ ಆರೇಳು ಜನ. ಕೊನೆ ಬೆಂಚಿನವಳು ಕೈ ಬೀಸಿ ಬೀಸಿ ವಿವರಿಸುತ್ತಿದ್ದಳು. ನಿಶ್ಶಬ್ದ ಎಂದು ಕೂಗಲು ಬಾಯಿ ತೆರೆದೆ, ಮುಚ್ಚಿಕೊಂಡೆ.

ವನಿತಾಳದ್ದೂ ಸೇರಿ ಇಪ್ಪತ್ತೊಂಬತ್ತು ಸಹಿ. ಮಂಡಳಿಯಿಂದ ಇನ್ನೂ ಸುದ್ದಿಯಿಲ್ಲ.

ಮಾರ್ಚ್ 28, ಶುಕ್ರವಾರ

ಇಲ್ಲ.

ಏಪ್ರಿಲ್ 2, ಬುಧವಾರ

ಯುಗಾದಿ ಮುಗಿದು ಇವತ್ತು ಕಾಲೇಜು. ಗೇಟಿನಲ್ಲೇ ಬಸವೇಶ್. ಒಪ್ಪಿದ್ದಾರೆ! ಒಬ್ಬರು ಮಾತ್ರ, ಅಂಕಿಯೇ ಇಲ್ಲದ ಮೇಲೆ ಆ ಹೆಂಗಸು ಬರೆದದ್ದೇನು ಎಂದು ಕೇಳಿದರಂತೆ. ಪ್ರಶ್ನೆಗಳನ್ನು ಎಂದನಂತೆ ನಮ್ಮ ಹುಡುಗ. ಕಣ್ಣಲ್ಲಿ ನೀರು ಬಂತು. ಧೂಳು ಎಂದು ಹೇಳಲಿಲ್ಲ, ಅವನೆದುರೇ ಒರೆಸಿಕೊಂಡೆ.

ಏಪ್ರಿಲ್ 9, ಬುಧವಾರ
ಬೆಳಿಗ್ಗೆ 8.50, ಲ್ಯಾಬ್

ಪುಸ್ತಕ ನಿನ್ನೆ ಬಂತು. ನೂರು ಪ್ರತಿ. ತಿಳಿ ನೀಲಿ, ದಪ್ಪಕ್ಷರ, ಫೋಟೋ ಇಲ್ಲ. ವನಿತಾ ಒಂದು ಪ್ರತಿ ತೆಗೆದುಕೊಂಡು, ಸಹಿ ಹಾಕಿಕೊಡಿ ಎಂದು ನನ್ನ ಮುಂದೆ ಹಿಡಿದಳು. ರೆಕಾರ್ಡಿಗಲ್ಲದೆ ಬೇರೆ ಯಾವುದಕ್ಕೂ ನನ್ನ ಸಹಿಯನ್ನು ಯಾರೂ ಕೇಳಿರಲಿಲ್ಲ. ಎಲ್ಲಿ ಹಾಕಬೇಕೆಂದೇ ತಿಳಿಯಲಿಲ್ಲ.

ಇವತ್ತು ಒಂದು ಬಸ್ಸು ಮುಂಚೆ ಬಂದೆ. ಲ್ಯಾಬಿನಲ್ಲಿ ಯಾರೂ ಇಲ್ಲ. ನನ್ನ ಪ್ರತಿ ತೆರೆದಿಟ್ಟುಕೊಂಡಿದ್ದೇನೆ. ಒಂದನೇ ಪ್ರಯೋಗ, ಜೀನರ್ ಡಯೋಡ್. ಎರಡು ಕಾಲಂ, ಹತ್ತು ಸಾಲು, ಪೂರ್ತಿ ಬಿಳಿ. ಇದನ್ನು ನಾನು ಕೊನೆಯ ಸಲ ಕೈಯಾರೆ ಮಾಡಿದ್ದು ಯಾವಾಗ? ನೆನಪಿಲ್ಲ. ಇದರಲ್ಲೂ ಏನೇನು ಬಿಟ್ಟಿದ್ದೇನೋ. ಸಪ್ಲೈ ಆನ್ ಮಾಡಿದೆ. ಏನು ಬರುತ್ತದೆಂದು ಗೊತ್ತಿಲ್ಲ — ಗೊತ್ತಿಲ್ಲದೆ ಈ ಸ್ಟೂಲಿನ ಮೇಲೆ ಕೂತು ಎಷ್ಟು ಕಾಲವಾಯಿತು! ಮೀಟರ್ ಏರುತ್ತಿದೆ, ಇನ್ನೂ ನಿಂತಿಲ್ಲ… ನಿಂತಿತು. ಮೊದಲ ರೀಡಿಂಗ್ —